ಉಯಿಲಿನಲ್ಲಿ ತಕರಾರು ನಿಷೇಧದ ಷರತ್ತು ಮತ್ತು ಫಲಾನುಭವಿಗಳ ಹಕ್ಕು

ಮನುಷ್ಯನು ತಾನು ದುಡಿದು ಗಳಿಸಿದುದನ್ನು ತನ್ನ ಇಚ್ಛೆಯಂತೆ ಅನುಭವಿಸಬಹುದು, ಮಾರಬಹುದು, ದಾನ ಮಾಡಬಹುದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅವನ ಉಸಿರು ನಿಂತ ಮೇಲೂ ಅವನ ಇಚ್ಛೆಯೇ ನಡೆಯಬೇಕೆಂದು ಕಾನೂನು ಒಪ್ಪಿಕೊಂಡಿರುವುದು ಯೋಚಿಸಿದಷ್ಟೂ ವಿಸ್ಮಯವನ್ನುಂಟುಮಾಡುವ ಸಂಗತಿ. ಬದುಕಿರುವವನು ತಾನು ಹೇಳಿದುದನ್ನು ವಿವರಿಸಬಲ್ಲ, ತಪ್ಪಿದ್ದರೆ ತಿದ್ದಬಲ್ಲ. ಸತ್ತವನ ಪರವಾಗಿ ಮಾತನಾಡುವುದು ಒಂದು ಕಾಗದ ಮಾತ್ರ. ಅದನ್ನು ನಮ್ಮ ಕಡೆ ಉಯಿಲೆಂದೂ, ಗ್ರಂಥಭಾಷೆಯಲ್ಲಿ ಮರಣಶಾಸನವೆಂದೂ, ಉತ್ತರ ಕರ್ನಾಟಕದಲ್ಲಿ ಮೃತ್ಯುಪತ್ರವೆಂದೂ ಕರೆಯುತ್ತಾರೆ.

ಈ ಕಾಗದವನ್ನು ಬರೆಯುವವರಲ್ಲಿ ಕೆಲವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. “ಇಂಥವರಿಗೆ ಇಷ್ಟು, ಅಂಥವರಿಗೆ ಅಷ್ಟು” ಎಂದು ಹಂಚಿದ ಮೇಲೆ, “ಈ ಉಯಿಲಿನ ಬಗ್ಗೆ ಯಾರಾದರೂ ಕೋರ್ಟಿನಲ್ಲಿ ತಕರಾರು ಎತ್ತಿದರೆ ಅವರಿಗೆ ಕೊಟ್ಟಿರುವುದು ರದ್ದಾಗತಕ್ಕದ್ದು” ಎಂಬ ಇನ್ನೊಂದು ವಾಕ್ಯವನ್ನು ಸೇರಿಸುತ್ತಾರೆ. ಇಂಗ್ಲಿಷಿನ ಕಾನೂನು ಭಾಷೆಯಲ್ಲಿ ಇದಕ್ಕೆ ‘ನೋ ಕಾಂಟೆಸ್ಟ್ ಕ್ಲಾಸ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ತಕರಾರು ನಿಷೇಧದ ಷರತ್ತು ಎನ್ನಬಹುದು. ಸತ್ತವನು ಬದುಕಿರುವವರ ಬಾಯಿಗೆ ಬೀಗ ಹಾಕಬಲ್ಲನೇ? ಹಾಕಬಲ್ಲನಾದರೆ ಎಲ್ಲಿಯವರೆಗೆ? ಈ ಪ್ರಶ್ನೆಯನ್ನು ಬೇರೆ ದೇಶಗಳ ನ್ಯಾಯಾಲಯಗಳು ಹೇಗೆ ಬಿಡಿಸಿವೆ, ನಮ್ಮ ದೇಶದ ಕಾನೂನಿನಿಂದ ಯಾವ ಉತ್ತರ ದೊರೆಯುತ್ತದೆ ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಷರತ್ತಿನ ಸ್ವರೂಪ

ಮೊದಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ರಂಗಪ್ಪನೆಂಬ ರೈತನಿಗೆ ಸ್ವಂತ ದುಡಿಮೆಯಿಂದ ಕೊಂಡ ಆರು ಎಕರೆ ಜಮೀನೂ ಒಂದು ಮನೆಯೂ ಇವೆ. ಹೆಂಡತಿ ತೀರಿಹೋಗಿದ್ದಾಳೆ. ಶಿವಣ್ಣನೆಂಬ ಮಗ, ಗೌರಮ್ಮನೆಂಬ ಮಗಳು ಇದ್ದಾರೆ. ರಂಗಪ್ಪನ ಮರಣಾನಂತರ ಒಂದು ಉಯಿಲು ಹೊರಬರುತ್ತದೆ. ಅದರ ಪ್ರಕಾರ ಜಮೀನು, ಮನೆ ಎರಡೂ ಶಿವಣ್ಣನಿಗೆ. ಗೌರಮ್ಮನಿಗೆ 2 ಲಕ್ಷ ರೂಪಾಯಿ. ಕೊನೆಯಲ್ಲಿ, ಗೌರಮ್ಮ ಈ ಉಯಿಲನ್ನು ಪ್ರಶ್ನಿಸಿದರೆ ಆ 2 ಲಕ್ಷವೂ ಶಿವಣ್ಣನಿಗೇ ಸೇರತಕ್ಕದ್ದೆಂಬ ಒಕ್ಕಣೆ.

ಗೌರಮ್ಮನಿಗೆ ಒಂದು ಸಂಶಯವಿದೆ. ತಂದೆ ಕೊನೆಯ ಆರು ತಿಂಗಳು ಹಾಸಿಗೆ ಹಿಡಿದಿದ್ದ. ಎದುರಿಗಿದ್ದವರ ಗುರುತು ಸಹ ಅವನಿಗೆ ಹತ್ತುತ್ತಿರಲಿಲ್ಲ. ಉಯಿಲಿನ ತಾರೀಖು ಆ ಆರು ತಿಂಗಳಿನ ಒಳಗಿನದು. ಈಗ ಅವಳ ಮುಂದೆ ಎರಡು ದಾರಿಗಳಿವೆ. ಸುಮ್ಮನಿದ್ದರೆ 2 ಲಕ್ಷ ಖಂಡಿತ. ದಾವೆ ಹೂಡಿ ಗೆದ್ದರೆ ಉಯಿಲು ಬಿದ್ದುಹೋಗಿ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮಗನಿಗೂ ಮಗಳಿಗೂ ಸಮಪಾಲು, ಅಂದರೆ ಅರ್ಧ ಆಸ್ತಿ. ಸೋತರೆ 2 ಲಕ್ಷವೂ ಇಲ್ಲ, ವಕೀಲರ ಖರ್ಚೂ ತಲೆಯ ಮೇಲೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಷರತ್ತು ಉಯಿಲಿನ ಒಂದು ಭಾಗ. ಉಯಿಲು ಸುಳ್ಳೆಂದು ತೀರ್ಮಾನವಾದರೆ ಅದರೊಡನೆ ಷರತ್ತೂ ಬಿದ್ದುಹೋಗುತ್ತದೆ. ಬೇರು ಕಿತ್ತ ಮೇಲೆ ಕೊಂಬೆ ನಿಲ್ಲುವುದಿಲ್ಲ. ಆದುದರಿಂದ ಗೆದ್ದವನನ್ನು ಈ ಷರತ್ತು ಏನೂ ಮಾಡಲಾರದು. ಸೋತವನನ್ನು ಮಾತ್ರ ಶಿಕ್ಷಿಸಬಲ್ಲದು. ಸೋತವರಲ್ಲಿ ಎರಡು ವಿಧ. ಹೊಟ್ಟೆಕಿಚ್ಚಿನಿಂದಲೋ, ಅಣ್ಣತಮ್ಮಂದಿರನ್ನು ಅಲೆಸಿ ಸತಾಯಿಸಬೇಕೆಂದೋ ಬರಿಯ ಸುಳ್ಳು ತಕರಾರು ಎತ್ತಿದವರು ಒಂದು ವಿಧ. ನಿಜವಾದ ಸಂಶಯವಿದ್ದು, ಅದಕ್ಕೆ ತಕ್ಕ ಕಾರಣವೂ ಇದ್ದು, ಸಾಕ್ಷ್ಯ ಸಾಲದೆ ಸೋತವರು ಇನ್ನೊಂದು ವಿಧ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೇ ಎಂಬುದೇ ಈ ವಿಷಯದ ತಿರುಳು.

ಷರತ್ತಿನ ಪರವಾಗಿ ಹೇಳಬೇಕಾದುದನ್ನು ಮೊದಲು ಹೇಳುವುದು ನ್ಯಾಯ. ಕೊಡುವವನ ಸ್ವತ್ತು ಅವನದು. ಕೊಡಲೇಬೇಕೆಂಬ ನಿರ್ಬಂಧವಿಲ್ಲದವನು ಷರತ್ತು ಹಾಕಿ ಕೊಟ್ಟರೆ ತಪ್ಪೇನು? ಒಪ್ಪದವರು ಬಿಡಬಹುದು. ಅಲ್ಲದೆ ಉಯಿಲಿನ ವ್ಯಾಜ್ಯಗಳು ಮನೆಯ ಒಳಗಿನ ಗುಟ್ಟುಗಳನ್ನೆಲ್ಲ ಬೀದಿಗೆ ಎಳೆಯುತ್ತವೆ. ಒಡಹುಟ್ಟಿದವರು ಮುಖ ನೋಡದಂತಾಗುತ್ತದೆ. “ಗೆದ್ದವನು ಸೋತ, ಸೋತವನು ಸತ್ತ” ಎಂದು ಕೋರ್ಟು ಕಂಡವರು ಹೇಳುವ ಮಾತು ಸುಳ್ಳಲ್ಲ. ತನ್ನ ಮಕ್ಕಳು ಕಚೇರಿ ಕಟ್ಟೆ ಹತ್ತದಿರಲೆಂದು ತಂದೆಯೊಬ್ಬನು ಬಯಸಿದರೆ ಅದು ಒಳ್ಳೆಯ ಬಯಕೆಯೇ.

ಇಂಗ್ಲೆಂಡಿನ ನಿಯಮ

ಈ ಷರತ್ತಿನ ಚರಿತ್ರೆ ಇಂಗ್ಲೆಂಡಿನಲ್ಲಿ ಹಳೆಯದು. 1688ರ ಪೊವೆಲ್ ವಿರುದ್ಧ ಮಾರ್ಗನ್ ಎಂಬ ಮೊಕದ್ದಮೆಯಲ್ಲಿಯೇ ನ್ಯಾಯಾಲಯವು, ವ್ಯಾಜ್ಯ ಹೂಡಲು ತಕ್ಕ ಕಾರಣವಿದ್ದವನು ತನ್ನ ಕೊಡುಗೆಯನ್ನು ಕಳೆದುಕೊಳ್ಳಬೇಕಾಗಿಲ್ಲವೆಂದು ಹೇಳಿತ್ತು. ಮುಂದೆ ಇದರ ಜೊತೆಗೆ ಇನ್ನೊಂದು ತತ್ತ್ವ ಬೆಳೆಯಿತು. ಚರಸ್ವತ್ತಿನ ಕೊಡುಗೆಗೆ ಇಂಥ ಷರತ್ತನ್ನು ಹಾಕಿ, ಷರತ್ತು ಮುರಿದರೆ ಆ ಸ್ವತ್ತು ಯಾರಿಗೆ ಹೋಗಬೇಕೆಂದು ಹೇಳದೆ ಬಿಟ್ಟಿದ್ದರೆ, ಅದು ಬರಿಯ ಬೆದರಿಕೆ ಎಂದು ನ್ಯಾಯಾಲಯಗಳು ಎಣಿಸತೊಡಗಿದುವು. ಇದನ್ನು ಲ್ಯಾಟಿನ್ ಭಾಷೆಯಲ್ಲಿ ‘ಇನ್ ಟೆರೋರೆಮ್’, ಅಂದರೆ ‘ಭಯಪಡಿಸುವ ಸಲುವಾಗಿ’ ಎಂದು ಕರೆದರು. ಬದಲಿ ಫಲಾನುಭವಿಯನ್ನು ಹೆಸರಿಸಿದ್ದರೆ ಮಾತ್ರ ಅದು ನಿಜವಾದ ಷರತ್ತು. ನಮ್ಮ ಉದಾಹರಣೆಯಲ್ಲಿ ಆ 2 ಲಕ್ಷ ಶಿವಣ್ಣನಿಗೆ ಹೋಗತಕ್ಕದ್ದೆಂದು ಬರೆದಿರುವುದು ಇಂಥ ಬದಲಿ ಕೊಡುಗೆ.

1846ರ ಕುಕ್ ವಿರುದ್ಧ ಟರ್ನರ್ ಮೊಕದ್ದಮೆಯಲ್ಲಿ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದಿತು. ಉಯಿಲು ಬರೆದವನ ಮನಃಸ್ವಾಸ್ಥ್ಯವನ್ನು ಪ್ರಶ್ನಿಸಬಾರದೆಂದು ಅಲ್ಲಿ ಷರತ್ತಿತ್ತು. ಇಂಥ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಆಸ್ತಿ ಉಯಿಲಿನಂತೆ ಹೋಗಲಿ, ವಾರಸುದಾರನಿಗೆ ಹೋಗಲಿ, ರಾಜ್ಯಕ್ಕೆ ಅದರಲ್ಲಿ ಆಸಕ್ತಿಯಿಲ್ಲ. ತನಗೆ ಬಂದ ಹಕ್ಕನ್ನು ಹಣ ಪಡೆದು ಬಿಟ್ಟುಕೊಡುವ ಸ್ವಾತಂತ್ರ್ಯ ವಾರಸುದಾರನಿಗೆ ಇರುವಾಗ, ಕೊಡುಗೆಯನ್ನು ಪಡೆದು ಸುಮ್ಮನಿರೆಂದು ಹೇಳುವುದರಲ್ಲಿ ದೋಷವಿಲ್ಲ ಎಂಬುದು ಅದರ ತರ್ಕ. 2002ರ ನೇಥನ್ ವಿರುದ್ಧ ಲೆನರ್ಡ್ ಮೊಕದ್ದಮೆಯಲ್ಲಿಯೂ ಇಂಥ ಷರತ್ತು ತತ್ತ್ವತಃ ಸಿಂಧುವೆಂದೇ ಹೇಳಲಾಯಿತು. ಆದರೆ ಇಂಗ್ಲೆಂಡಿನಲ್ಲಿ 1975ರ ಒಂದು ಕಾಯಿದೆಯಿದೆ. ಉಯಿಲಿನಲ್ಲಿ ಸಾಕಷ್ಟು ಏರ್ಪಾಡಿಲ್ಲದ ಹೆಂಡತಿ, ಮಕ್ಕಳು, ಅವಲಂಬಿಗಳು ಜೀವನಕ್ಕಾಗಿ ನ್ಯಾಯಾಲಯವನ್ನು ಬೇಡಬಹುದೆಂದು ಅದು ಹೇಳುತ್ತದೆ. ಆ ಬೇಡಿಕೆಯ ದಾರಿಯನ್ನು ಯಾವ ಉಯಿಲೂ ಮುಚ್ಚಲಾರದು. ಬೇಡುವವರು ಉಯಿಲಿನ ಕೊಡುಗೆಯನ್ನು ಪಣಕ್ಕೆ ಇಡಬೇಕಾಗಿ ಬರಬಹುದು, ಅಷ್ಟೆ.

ಅಮೆರಿಕದ ಅನುಭವ

ಅಮೆರಿಕದಲ್ಲಿ ಈ ಷರತ್ತು ಹೆಚ್ಚು ಬಳಕೆಯಲ್ಲಿದೆ. 1898ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಆದರೆ ಉಯಿಲಿನ ಕಾನೂನು ಅಲ್ಲಿ ಒಂದೊಂದು ಸಂಸ್ಥಾನಕ್ಕೆ ಒಂದೊಂದು. ಆದುದರಿಂದ ಒಂದೇ ಪ್ರಶ್ನೆಗೆ ಹಲವು ಉತ್ತರಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡುವ ಅನುಕೂಲ ವಿದ್ಯಾರ್ಥಿಗೆ ದೊರೆಯುತ್ತದೆ.

ಒಂದು ತುದಿಯಲ್ಲಿ ಫ್ಲಾರಿಡಾ ಸಂಸ್ಥಾನವಿದೆ. ಉಯಿಲನ್ನು ಪ್ರಶ್ನಿಸಿದವನಿಗೆ ದಂಡ ವಿಧಿಸುವ ಷರತ್ತು ಜಾರಿಗೆ ಬರತಕ್ಕದ್ದಲ್ಲವೆಂದು ಅಲ್ಲಿನ ಶಾಸನ ನೇರವಾಗಿ ಹೇಳಿಬಿಟ್ಟಿದೆ. ನ್ಯೂಯಾರ್ಕಿನಲ್ಲಿ ಷರತ್ತು ಸಾಮಾನ್ಯವಾಗಿ ಸಿಂಧು. ಆದರೆ ಉಯಿಲು ಖೋಟಾ ಎಂದು, ಇಲ್ಲವೆ ಆಮೇಲೆ ಬರೆದ ಉಯಿಲಿನಿಂದ ರದ್ದಾಗಿದೆಯೆಂದು ತಕ್ಕ ಕಾರಣದಿಂದ ವಾದಿಸಿದವನಿಗೆ ಅದು ತಗಲುವುದಿಲ್ಲ. ಅಪ್ರಾಪ್ತ ವಯಸ್ಕರ ಪರವಾಗಿ ಎತ್ತಿದ ಆಕ್ಷೇಪಣೆಗೂ ಅಲ್ಲಿ ರಕ್ಷಣೆಯಿದೆ. ಉಯಿಲು ಬರೆದ ವಕೀಲನನ್ನೂ ಸಾಕ್ಷಿಗಳನ್ನೂ ಕರೆಸಿ ಪ್ರಶ್ನೆ ಕೇಳಿದ ಮಾತ್ರಕ್ಕೆ ಕೊಡುಗೆ ತಪ್ಪುವುದಿಲ್ಲ. ಈ ಕೊನೆಯ ನಿಯಮ ಬಹಳ ವಿವೇಕದ್ದು. ಬಾವಿಗೆ ಇಳಿಯುವ ಮುಂಚೆ ಆಳ ನೋಡಲು ಅದು ಅವಕಾಶ ಕೊಡುತ್ತದೆ.

1969ರಲ್ಲಿ ಮೊದಲು ಹೊರಬಂದ ಏಕರೂಪ ಪ್ರೊಬೇಟ್ ಸಂಹಿತೆಯು ಹಲವು ಸಂಸ್ಥಾನಗಳಿಗೆ ಮಾದರಿಯಾಯಿತು. ತಕರಾರಿಗೆ ತಕ್ಕ ಕಾರಣವಿದ್ದರೆ ದಂಡದ ಷರತ್ತು ಜಾರಿಗೆ ಬಾರದೆಂಬುದು ಅದರ ಸೂತ್ರ. ಕ್ಯಾಲಿಫೋರ್ನಿಯಾದಲ್ಲಿ 2010ರ ಜನವರಿ 1ರಿಂದ ಜಾರಿಗೆ ಬಂದ ಕಾನೂನೂ ಇದೇ ದಾರಿಯಲ್ಲಿದೆ. ಅಲ್ಲಿ ‘ನೇರ ತಕರಾರು’ ಎಂದರೇನೆಂದು ಪಟ್ಟಿಮಾಡಿ ಹೇಳಿದ್ದಾರೆ: ಖೋಟಾ, ಕ್ರಮಬದ್ಧವಾಗಿ ಬರೆಯದಿರುವುದು, ಬುದ್ಧಿಸ್ವಾಸ್ಥ್ಯವಿಲ್ಲದಿರುವುದು, ಬಲಾತ್ಕಾರ, ಮೋಸ, ಅನುಚಿತ ಪ್ರಭಾವ ಮೊದಲಾದುವು. ಇಂಥ ನೇರ ತಕರಾರನ್ನು ತಕ್ಕ ಕಾರಣವಿಲ್ಲದೆ ಎತ್ತಿದವನಿಗೆ ಷರತ್ತು ತಗಲುತ್ತದೆ. ಹೀಗೆ 1688ರ ಹಳೆಯ ಮಾತೇ ಮೂರು ಶತಮಾನಗಳ ನಂತರ ಸಾಗರದ ಆಚೆ ಶಾಸನರೂಪದಲ್ಲಿ ಮರಳಿ ಬಂದಿದೆ.

ಇದೇ ಪ್ರಸಂಗದಲ್ಲಿ ಇನ್ನೊಂದು ಉಯಿಲನ್ನು ನೆನೆಯಬೇಕು. ಅಮೆರಿಕದ ಮೊದಲನೆಯ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತನ್ನ ಉಯಿಲನ್ನು 1799ರ ಜುಲೈಯಲ್ಲಿ ಬರೆದನು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡನು. ತನ್ನ ಮಾತಿನ ಅರ್ಥದ ಬಗ್ಗೆ ಮುಂದೆ ವಿವಾದ ಹುಟ್ಟಬಹುದೆಂದು ಅವನಿಗೆ ತಿಳಿದಿತ್ತು. ಆದರೆ ಅವನು ವಿವಾದ ಎತ್ತಿದವರಿಗೆ ದಂಡ ವಿಧಿಸಲಿಲ್ಲ. ಪಕ್ಷಪಾತವಿಲ್ಲದ, ಬುದ್ಧಿವಂತರಾದ ಮೂವರು ಗೃಹಸ್ಥರ ಮುಂದೆ ವಿವಾದವನ್ನು ಇಡಬೇಕು. ವಾದಿ ಪ್ರತಿವಾದಿಗಳು ಒಬ್ಬೊಬ್ಬರನ್ನು ಆರಿಸಬೇಕು, ಆ ಇಬ್ಬರು ಮೂರನೆಯವನನ್ನು ಆರಿಸಬೇಕು. ಅವರ ತೀರ್ಮಾನವೇ ಅಂತಿಮ ಎಂದು ಬರೆದನು. ಜಗಳವನ್ನು ತಪ್ಪಿಸಲು ಬಾಯಿ ಮುಚ್ಚಿಸುವುದೊಂದೇ ಉಪಾಯವಲ್ಲ, ಮಾತನಾಡಲು ಹತ್ತಿರದ ಜಗಲಿಯೊಂದನ್ನು ಹಾಕಿಕೊಡುವುದೂ ಉಪಾಯವೇ ಎಂಬುದಕ್ಕೆ ಇದು ನಿದರ್ಶನ. ನಮ್ಮ ಹಳ್ಳಿಗಳ ಪಂಚಾಯಿತಿ ಕಟ್ಟೆಯನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸುವುದಿಲ್ಲ.

ನಮ್ಮ ದೇಶದಲ್ಲಿ

ನಮ್ಮಲ್ಲಿ ಹಿಂದೂಗಳ ಮತ್ತು ಕ್ರೈಸ್ತರ ಉಯಿಲುಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಆಧಾರ. ಮುಸಲ್ಮಾನರ ಉಯಿಲಿಗೆ ಅವರ ಧರ್ಮಶಾಸ್ತ್ರದ ನಿಯಮವುಂಟು. ಸಾಲ ಮತ್ತು ಉತ್ತರಕ್ರಿಯೆಯ ಖರ್ಚು ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲಿನ ಮೂಲಕ ಕೊಡಲಾಗುವುದಿಲ್ಲ. 1925ರ ಕಾಯಿದೆಯಂತೆ, ಬುದ್ಧಿಸ್ವಾಸ್ಥ್ಯವುಳ್ಳ ಪ್ರಾಪ್ತವಯಸ್ಕನು ಉಯಿಲು ಬರೆಯಬಹುದು. ಅವನು ಸಹಿ ಹಾಕಬೇಕು, ಬಾರದಿದ್ದರೆ ಗುರುತು ಒತ್ತಬೇಕು. ಕಡೆಯ ಪಕ್ಷ ಇಬ್ಬರು ಸಾಕ್ಷಿ ಹಾಕಬೇಕು. ಬದುಕಿರುವವರೆಗೆ ಅದನ್ನು ಬದಲಾಯಿಸಬಹುದು, ರದ್ದುಮಾಡಬಹುದು. ಮೋಸದಿಂದಲೋ, ಬಲಾತ್ಕಾರದಿಂದಲೋ, ಬಿಡದೆ ಪೀಡಿಸಿಯೋ ಬರೆಸಿಕೊಂಡ ಉಯಿಲು 61ನೆಯ ಕಲಮಿನಂತೆ ಅಸಿಂಧು. ನಿನ್ನ ಒಬ್ಬನೇ ಮಗ ಸತ್ತನೆಂದು ಸುಳ್ಳು ಹೇಳಿ ತನ್ನ ಹೆಸರಿಗೆ ಉಯಿಲು ಬರೆಸಿಕೊಂಡವನ ಉದಾಹರಣೆಯನ್ನು ಕಾಯಿದೆಯೇ ಕೊಡುತ್ತದೆ.

ಈ ಕಾಯಿದೆಯಲ್ಲಿ ತಕರಾರು ನಿಷೇಧದ ಷರತ್ತನ್ನು ಹೆಸರಿಸಿ ಹೇಳುವ ಕಲಮು ಇಲ್ಲ. ಆದುದರಿಂದ ಸಾಮಾನ್ಯ ಕಲಮುಗಳಿಂದಲೇ ಉತ್ತರವನ್ನು ಕಂಡುಕೊಳ್ಳಬೇಕು. 134ನೆಯ ಕಲಮಿನಂತೆ, ನಡೆಯಬಹುದಾದ ಇಲ್ಲವೆ ನಡೆಯದಿರಬಹುದಾದ ಒಂದು ಸಂಗತಿಗೆ ಕಟ್ಟಿ, ಅದು ನಡೆದರೆ ಕೊಡುಗೆ ನಿಂತುಹೋಗಲೆಂದು ಷರತ್ತು ಹಾಕಬಹುದು. 127ನೆಯ ಕಲಮಿನಂತೆ, ಕಾನೂನಿಗೆ ಅಥವಾ ನೀತಿಗೆ ವಿರುದ್ಧವಾದ ಷರತ್ತಿಗೆ ಕಟ್ಟಿದ ಕೊಡುಗೆ ಅಸಿಂಧು. ಮೊದಲನೆಯದು ಷರತ್ತಿಗೆ ಬಾಗಿಲು ತೆರೆಯುತ್ತದೆ. ಎರಡನೆಯದು ಆ ಬಾಗಿಲಿಗೆ ಹೊಸ್ತಿಲು ಹಾಕುತ್ತದೆ. ಇನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಕಲಮಿನಂತೆ, ಕಾನೂನು ತಡೆದಿರುವುವನ್ನು ಬಿಟ್ಟು ಉಳಿದ ಎಲ್ಲ ಸಿವಿಲ್ ಸ್ವರೂಪದ ದಾವೆಗಳನ್ನೂ ವಿಚಾರಿಸುವ ಅಧಿಕಾರ ನ್ಯಾಯಾಲಯಗಳಿಗೆ ಉಂಟು. ಕಾನೂನು ತಡೆಯಬಹುದು, ಖಾಸಗಿ ಮನುಷ್ಯನ ಲೇಖನಿ ತಡೆಯಲಾರದು. ಆದುದರಿಂದ, “ಯಾರೂ ಕೋರ್ಟಿಗೆ ಹೋಗಕೂಡದು” ಎಂದು ಉಯಿಲಿನಲ್ಲಿ ಬರೆದಿದ್ದರೂ ಗೌರಮ್ಮನ ದಾವೆಯನ್ನು ನ್ಯಾಯಾಲಯ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವಂತಿಲ್ಲ. ದಾವೆಯ ಫಲವಾಗಿ ಕೊಡುಗೆ ತಪ್ಪೀತೇ ಎಂಬುದು ಮಾತ್ರ ಪ್ರಶ್ನೆ.

ಇಲ್ಲಿ ನಮ್ಮ ಸಂಸ್ಥಾನದಿಂದಲೇ ಹೊರಟು ದೇಶಕ್ಕೆಲ್ಲ ಮಾರ್ಗದರ್ಶಕವಾದ ತೀರ್ಪೊಂದನ್ನು ಸ್ಮರಿಸಬೇಕು. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಎಂಬ ಮೈಸೂರಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1958ರ ನವೆಂಬರಿನಲ್ಲಿ ತೀರ್ಪಿತ್ತಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಅದನ್ನು ಬರೆದರು. ಉಯಿಲನ್ನು ಮುಂದಿಟ್ಟವನೇ ಅದನ್ನು ರುಜುವಾತುಪಡಿಸಬೇಕೆಂದು ಅದು ಹೇಳುತ್ತದೆ. ಸಹಿ ಸಂಶಯಾಸ್ಪದವಾಗಿದ್ದರೆ, ಬರೆದವನ ಬುದ್ಧಿಶಕ್ತಿ ಕುಂದಿದ್ದರೆ, ಹಂಚಿಕೆ ಅಸಹಜವಾಗಿದ್ದರೆ, ಉಯಿಲು ಬರೆಸುವುದರಲ್ಲಿ ಮುಂದಾಗಿ ನಿಂತವನೇ ಅದರಿಂದ ದೊಡ್ಡ ಲಾಭ ಪಡೆದಿದ್ದರೆ, ಅಂಥ ಸಂದೇಹಗಳನ್ನೆಲ್ಲ ಅವನೇ ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನವಾಗುವಂತೆ ಮಾಡಬೇಕು. ಎದುರಾಳಿ ಮೋಸದ ಆಪಾದನೆಯನ್ನೇ ಮಾಡದಿದ್ದರೂ ಈ ಹೊಣೆ ತಪ್ಪುವುದಿಲ್ಲ. ಇದರ ಮೇಲೆ, ಸಾಕ್ಷಿ ಹಾಕಿದವರು ಬದುಕಿದ್ದು ಕರೆಸಲು ಸಾಧ್ಯವಿದ್ದರೆ ಅವರಲ್ಲಿ ಒಬ್ಬನನ್ನಾದರೂ ಕರೆಸಿ ವಿಚಾರಿಸಲೇಬೇಕೆಂಬುದು ಸಾಕ್ಷ್ಯದ ಕಾನೂನು.

ಈ ತೀರ್ಪನ್ನೂ ನಮ್ಮ ಷರತ್ತನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ರುಜುವಾತಿನ ಹೊಣೆ ಉಯಿಲು ತಂದವನ ಮೇಲೆ ಇರುವಾಗ, “ಇದನ್ನು ರುಜುವಾತುಪಡಿಸು” ಎಂದು ಕೇಳುವುದು ಸತ್ತವನಿಗೆ ಮಾಡಿದ ದ್ರೋಹವಾಗಲಾರದು. ಅದು ಕಾನೂನು ಆಗಲೇ ಕೇಳಿರುವ ಪ್ರಶ್ನೆ. ಶಿವಣ್ಣನೇ ಮುಂದೆ ನಿಂತು ಬರೆಸಿದ ಉಯಿಲಿನಲ್ಲಿ, ಶಿವಣ್ಣನನ್ನು ಯಾರೂ ಪ್ರಶ್ನಿಸಕೂಡದೆಂಬ ಷರತ್ತಿದ್ದರೆ, ಅದು ತಂದೆಯ ಶಾಂತಿಪ್ರಿಯತೆಯೋ ಮಗನ ಮುನ್ನೆಚ್ಚರಿಕೆಯೋ ಎಂದು ಯಾರಿಗಾದರೂ ಅನುಮಾನ ಬಾರದಿರದು. ಬೀಗವನ್ನು ಹಾಕಿದವರು ಯಾರೆಂದು ತಿಳಿಯುವುದಕ್ಕಾದರೂ ಬಾಗಿಲನ್ನು ಒಮ್ಮೆ ತೆರೆಯಬೇಕಾಗುತ್ತದೆ.

ಹುಟ್ಟಿನಿಂದ ಬಂದ ಹಕ್ಕು

ಇದುವರೆಗೆ ರಂಗಪ್ಪನ ಜಮೀನು ಅವನ ಸ್ವಯಾರ್ಜಿತವೆಂದು ಭಾವಿಸಿದೆವು. ಅದು ಪಿತ್ರಾರ್ಜಿತವಾದ ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ ಸ್ಥಿತಿ ಬೇರೆ. 1956ರ ಕಾಯಿದೆಯ 30ನೆಯ ಕಲಮಿನಂತೆ ಹಿಂದೂವೊಬ್ಬನು ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲನ್ನು ಮಾತ್ರ ಉಯಿಲಿನಿಂದ ಕೊಡಬಲ್ಲ, ಇತರರ ಪಾಲನ್ನಲ್ಲ. ಮಗಳಿಗೂ ಹುಟ್ಟಿನಿಂದಲೇ ಪಾಲುಂಟೆಂದು ಕರ್ನಾಟಕದ ಶಾಸನಸಭೆ 1994ರಲ್ಲಿಯೇ, ಕೆಲವು ಮಿತಿಗಳೊಡನೆ, ತಿದ್ದುಪಡಿ ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಅಂಥ ನಿಯಮ ಬಂದಿತು. ಆ ಹಕ್ಕು ಹುಟ್ಟಿನಿಂದ ಬಂದುದಾದ್ದರಿಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು.

ಹಾಗಾದರೆ ತಂದೆ ಮಗಳ ಪಾಲನ್ನೂ ಸೇರಿಸಿ ಮಗನಿಗೆ ಬರೆದು, ಮಗಳಿಗೆ 2 ಲಕ್ಷ ಕೊಟ್ಟರೆ ಏನಾಗುತ್ತದೆ? ಇದಕ್ಕೆ 1925ರ ಕಾಯಿದೆಯಲ್ಲಿ 180ರಿಂದ 190ರವರೆಗಿನ ಕಲಮುಗಳು ಉತ್ತರ ಕೊಡುತ್ತವೆ. ಇದಕ್ಕೆ ‘ಆಯ್ಕೆಯ ತತ್ತ್ವ’ ಎಂದು ಹೆಸರು. ತನ್ನದಲ್ಲದ್ದನ್ನು ಒಬ್ಬನು ಉಯಿಲಿನಲ್ಲಿ ಬೇರೊಬ್ಬನಿಗೆ ಕೊಟ್ಟು, ನಿಜವಾದ ಒಡೆಯನಿಗೂ ಏನಾದರೂ ಕೊಟ್ಟಿದ್ದರೆ, ಆ ಒಡೆಯನು ಎರಡರಲ್ಲಿ ಒಂದನ್ನು ಆರಿಸಬೇಕು. ಕಾಯಿದೆಯ ಉದಾಹರಣೆಯಲ್ಲಿ ಸುಲ್ತಾನಪುರದ ಹೊಲವೊಂದು ಬರುತ್ತದೆ. ಹೊಲದ ಬೆಲೆ 800 ರೂಪಾಯಿ. ಒಡೆಯನಿಗೆ ಉಯಿಲಿನಲ್ಲಿ ಕೊಟ್ಟದ್ದು 1,000 ರೂಪಾಯಿ. ಅವನು ಹೊಲವನ್ನೇ ಉಳಿಸಿಕೊಂಡರೆ ಆ ಸಾವಿರವನ್ನು ಬಿಡಬೇಕು. ಹಾಗೆಯೇ ಗೌರಮ್ಮ ತನ್ನ ಪಾಲನ್ನು ಕೇಳಿದರೆ 2 ಲಕ್ಷವನ್ನು ಬಿಡಬೇಕಾಗುತ್ತದೆ. ಅದಕ್ಕೆ ಪ್ರತ್ಯೇಕವಾದ ಬೆದರಿಕೆಯ ವಾಕ್ಯವೇ ಬೇಕಾಗಿಲ್ಲ. ಆದರೆ ಅವಳ ಪಾಲು ಅವಳದೇ. ಉಯಿಲು ತಾನು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು; ಹುಟ್ಟು ಕೊಟ್ಟದ್ದನ್ನು ಕಿತ್ತುಕೊಳ್ಳಲಾರದು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು “ಅರಿಸಿನ ಕುಂಕುಮಕ್ಕೆ” ಎಂದು ಕೊಟ್ಟ ಸಣ್ಣ ಮೊತ್ತವನ್ನು ಕಳೆದುಕೊಳ್ಳುವ ಹೆದರಿಕೆಯಿಂದ ತಮ್ಮದೇ ಆದ ದೊಡ್ಡ ಪಾಲನ್ನು ಕೇಳದೆ ಉಳಿಯುತ್ತಾರೆ. ಅಂಥವರು ತಿಳಿಯಬೇಕಾದ ಮೊದಲನೆಯ ಮಾತು ಇದು.

ಎರಡನೆಯ ಮಾತು ಎಚ್ಚರಿಕೆಯದು. ಉಯಿಲಿನ ಕೊಡುಗೆಯನ್ನು ಆಕ್ಷೇಪಣೆಯಿಲ್ಲದೆ ಎರಡು ವರ್ಷ ಅನುಭವಿಸಿದರೆ, ವಿರುದ್ಧ ಸಾಕ್ಷ್ಯವಿಲ್ಲದಿದ್ದಲ್ಲಿ, ಎಲ್ಲವನ್ನೂ ತಿಳಿದೇ ಒಪ್ಪಿಕೊಂಡಂತೆ ಎಂದು 188ನೆಯ ಕಲಮು ಊಹಿಸುತ್ತದೆ. ಆದುದರಿಂದ ಹಣ ಪಡೆದು ರಸೀದಿಗೆ ಸಹಿ ಹಾಕುವ ಮೊದಲೇ ತನ್ನ ಹಕ್ಕೇನೆಂದು ವಿಚಾರಿಸಿಕೊಳ್ಳಬೇಕು.

ಫಲಾನುಭವಿಯ ಇತರ ಹಕ್ಕುಗಳು

ತಕರಾರೆಂದರೆ ಉಯಿಲನ್ನೇ ಬೀಳಿಸಲು ನೋಡುವುದು. ಉಯಿಲು ನಿಜವೆಂದು ಒಪ್ಪಿಕೊಂಡು ಅದರಂತೆ ನಡೆಯಿರೆಂದು ಕೇಳುವುದು ತಕರಾರಲ್ಲ. ಈ ಭೇದವನ್ನು ಮರೆತರೆ ಫಲಾನುಭವಿ ತನಗೆ ಸಲ್ಲಬೇಕಾದುದನ್ನೂ ಕೇಳಲು ಹೆದರುತ್ತಾನೆ.

ಉಯಿಲನ್ನು ಜಾರಿಗೆ ತರಲು ನೇಮಕವಾದವನಿಗೆ ನಿರ್ವಾಹಕನೆಂದು ಹೆಸರು. “ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂಬ ಗಾದೆ ಕೆಲವು ನಿರ್ವಾಹಕರಿಗೆ ಚೆನ್ನಾಗಿ ಒಪ್ಪುತ್ತದೆ. ಸತ್ತ ದಿನದಿಂದ ಒಂದು ವರ್ಷದವರೆಗೆ ಕೊಡುಗೆಯನ್ನು ಕೊಡಲೇಬೇಕೆಂಬ ನಿರ್ಬಂಧ ಅವನಿಗಿಲ್ಲ. ಸಾಲಗಳನ್ನು ತೀರಿಸಲು ಅವನಿಗೆ ಕಾಲ ಬೇಕು. ಆದರೆ ಪ್ರೊಬೇಟ್ ಪಡೆದ ನಿರ್ವಾಹಕನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಒಂದು ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು 317ನೆಯ ಕಲಮು ಹೇಳುತ್ತದೆ. ಲೆಕ್ಕ ಕೇಳುವುದು, ಉಯಿಲಿನ ಅಸ್ಪಷ್ಟವಾದ ಮಾತಿಗೆ ಅರ್ಥ ಹೇಳಿರೆಂದು ನ್ಯಾಯಾಲಯವನ್ನು ಬೇಡುವುದು, ಸ್ವತ್ತನ್ನು ಹಾಳುಮಾಡುತ್ತಿರುವ ನಿರ್ವಾಹಕನನ್ನು ತೆಗೆದುಹಾಕಿರೆಂದು 301ನೆಯ ಕಲಮಿನಂತೆ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಕೊಡುವುದು, ಇವೆಲ್ಲ ಉಯಿಲಿಗೆ ವಿರೋಧವಲ್ಲ, ಉಯಿಲಿನ ರಕ್ಷಣೆ.

ಪ್ರೊಬೇಟ್ ವಿಚಾರಣೆಯಲ್ಲಿ ಸಂಬಂಧಪಟ್ಟವರೆಲ್ಲ ಬಂದು ನೋಡಿರೆಂದು ನ್ಯಾಯಾಲಯ ಕರೆ ಕಳುಹಿಸಬಹುದು. ತನಗೆ ತಿಳಿಸದೆ ಪ್ರೊಬೇಟ್ ಕೊಡಬಾರದೆಂದು ಹಿತಾಸಕ್ತಿಯುಳ್ಳವರು ಕೇವಿಯಟ್ ಸಲ್ಲಿಸಬಹುದು. ಮೋಸದಿಂದ ಪಡೆದ ಪ್ರೊಬೇಟನ್ನು 263ನೆಯ ಕಲಮಿನಂತೆ ರದ್ದುಮಾಡಿಸಬಹುದು. ಉಯಿಲು ನೋಂದಣಿಯಾಗಿದೆಯೆಂಬ ಒಂದೇ ಮಾತಿಗೆ ಯಾರೂ ಬಾಯಿ ಮುಚ್ಚಬೇಕಾಗಿಲ್ಲ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಆಗಿದ್ದರೂ ಅದು ಒಂದು ಆಧಾರವೇ ಹೊರತು ರುಜುವಾತಿನ ಬದಲಿ ಅಲ್ಲ.

ಉಪಸಂಹಾರ

ಈ ಷರತ್ತಿನ ಕುರಿತು ನನ್ನ ಅಲ್ಪಮತಿಗೆ ತೋಚಿದ ಮುಖ್ಯ ಆಕ್ಷೇಪಣೆ ಹೀಗಿದೆ. ಅದು ಎಲ್ಲರನ್ನೂ ಸಮನಾಗಿ ಹೆದರಿಸುವುದಿಲ್ಲ. ಉಯಿಲಿನಲ್ಲಿ ಏನನ್ನೂ ಪಡೆಯದವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಅವನು ಹೆದರದೆ ದಾವೆ ಹೂಡುತ್ತಾನೆ. ಕೋರ್ಟಿನ ಖರ್ಚನ್ನು ಲೆಕ್ಕಿಸದ ಶ್ರೀಮಂತನೂ ಹೆದರುವುದಿಲ್ಲ. ಹೆದರುವವರು ಸ್ವಲ್ಪ ಪಡೆದವರು, ಆ ಸ್ವಲ್ಪವೇ ಬದುಕಿಗೆ ಆಧಾರವಾದವರು: ವಿಧವೆ, ಮದುವೆಯಾಗದ ಮಗಳು, ಓದುತ್ತಿರುವ ಕಿರಿಯ ಮಗ. ತಂಟೆಕೋರನನ್ನು ತಡೆಯಲು ಹಾಕಿದ ಬೇಲಿ ಅವನನ್ನು ಬಿಟ್ಟು ಬಡವರ ಕಾಲಿಗೆ ಮುಳ್ಳಾಗುತ್ತದೆ.

ಆದರೂ ಷರತ್ತನ್ನು ಪೂರ್ತಿಯಾಗಿ ತಳ್ಳಿಹಾಕಬೇಕೆಂದು ನಾನು ವಾದಿಸುವುದಿಲ್ಲ. ಸುಳ್ಳು ವ್ಯಾಜ್ಯಗಳಿಂದ ಮನೆ ಮುರಿಯುವವರು ನಮ್ಮಲ್ಲಿ ಕಡಮೆಯಿಲ್ಲ. ತಕ್ಕ ಕಾರಣವಿದ್ದವನಿಗೆ ರಕ್ಷಣೆ, ಇಲ್ಲದವನಿಗೆ ದಂಡ ಎಂಬ ಸೂತ್ರವೇ ಎರಡು ಕಡೆಯ ನ್ಯಾಯವನ್ನೂ ಉಳಿಸುತ್ತದೆ. ಅಪ್ರಾಪ್ತ ವಯಸ್ಕರಿಗೂ, ಸಾಕ್ಷಿಗಳನ್ನು ಪ್ರಶ್ನಿಸುವುದಕ್ಕೂ, ಲೆಕ್ಕ ಕೇಳುವುದಕ್ಕೂ ಷರತ್ತು ತಗಲಬಾರದು. ಇಷ್ಟನ್ನು ನಮ್ಮ 1925ರ ಕಾಯಿದೆಗೆ ಒಂದು ಸಣ್ಣ ಕಲಮಾಗಿ ಸೇರಿಸಿದರೆ, ಊಹೆಯ ಮೇಲೆ ನಿಂತಿರುವ ವಿಷಯಕ್ಕೆ ಖಚಿತವಾದ ನೆಲೆ ದೊರೆಯುತ್ತದೆ.

ಶಾಸನ ಬರುವವರೆಗೆ ನಾವು ಮಾಡಬಹುದಾದುದೂ ಸ್ವಲ್ಪ ಉಂಟು. ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಅನೇಕರು ಮನೆತನದಲ್ಲಿ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿದ ಕಾಗದಗಳಲ್ಲಿ ಏನಿದೆಯೆಂದು ಅವರಿಗೆ ಓದಿ ಹೇಳಿದವರು ಯಾರೋ, ಬಿಟ್ಟು ಓದಿದವರು ಯಾರೋ. ಇನ್ನು ಮುಂದೆ ಆ ಕಾಗದವನ್ನು ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಆಮೇಲೆ ಮಸಿಯ ಪೆಟ್ಟಿಗೆಯನ್ನು ಮುಂದಿಡುವ ಹೊಣೆ ನಮ್ಮದು. ಬರೆಯುವವರಿಗೂ ಒಂದು ಮಾತು ಹೇಳಬಹುದು. ಯಾರಿಗೆ ಏಕೆ ಕಡಮೆ ಕೊಟ್ಟೆನೆಂದು ಉಯಿಲಿನಲ್ಲಿಯೇ ನಾಲ್ಕು ಸಾಲು ಕಾರಣ ಬರೆದು, ಬದುಕಿರುವಾಗಲೇ ಮಕ್ಕಳನ್ನು ಕೂರಿಸಿಕೊಂಡು ಓದಿಸಿದರೆ, ದಂಡದ ಷರತ್ತಿಗಿಂತ ಅದು ಹೆಚ್ಚು ಕೆಲಸ ಮಾಡೀತು. ನ್ಯಾಯವಾದ ಹಂಚಿಕೆಗೆ ಬೆದರಿಕೆಯ ಕಾವಲು ಬೇಕಾಗುವುದು ಅಪರೂಪ. ಕಾರಣ ತಿಳಿದವರು ಕಡಮೆಯನ್ನೂ ಸಹಿಸಿಕೊಳ್ಳುತ್ತಾರೆ.